ಉಪ್ಪನ್ನು ಹಿಡಿದಿಡುವ ಹಾರ್ಮೋನು

ಮೂರೂವರೆ ವರ್ಷದ ಆ ಹುಡುಗನಿಗೆ ಉಪ್ಪೆಂದರೆ ಪ್ರಾಣ. ವರ್ಷ ತುಂಬುವ ಹೊತ್ತಿಗೇ ಬಿಸ್ಕತ್ತಿನ ಮೇಲಿನ ಉಪ್ಪನ್ನಷ್ಟೇ ನೆಕ್ಕಿ ಉಳಿದದ್ದನ್ನು ಬಿಡಲು ಶುರುಮಾಡಿದ್ದ. ಉಪ್ಪಿನ ಡಬ್ಬಿ ಎಲ್ಲಿರುತ್ತದೆಂದು ಗೊತ್ತಾದ ಮೇಲೆ ಅದಕ್ಕಾಗಿ ಹಟ ಹಿಡಿದ. ಕಲಿತ ಮೊದಲ ಕೆಲವೇ ಮಾತುಗಳಲ್ಲಿ ‘ಉಪ್ಪು’ ಒಂದಾಗಿತ್ತು. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಅವನನ್ನು ಬೇರೊಂದು ತೊಂದರೆಯ ತಪಾಸಣೆಗೆ ಸೇರಿಸಿದಾಗ, ಎಲ್ಲ ಮಕ್ಕಳಿಗೂ ಕೊಡುವ ಊಟವನ್ನೇ ಕೊಟ್ಟರು. ಹೆಚ್ಚಿನ ಉಪ್ಪು ಸಿಗಲಿಲ್ಲ. ಏಳು ದಿನಕ್ಕೆ ಹುಡುಗ ತೀರಿಕೊಂಡ. ಅವನ ಅಡ್ರಿನಲ್ ಗ್ರಂಥಿಗಳು ಕೆಟ್ಟಿದ್ದವು. ಉಪ್ಪಿನ ಡಬ್ಬಿಗೆ ಕೈ ಹಾಕಿಹಾಕಿಯೇ ಮಗು ಅಲ್ಲಿಯವರೆಗೆ ತನ್ನ ಜೀವ ಉಳಿಸಿಕೊಂಡಿತ್ತು ಎಂಬುದು ಆಮೇಲೆ ತಿಳಿಯಿತು. ಮಕ್ಕಳ ವೈದ್ಯ ಲಾಸನ್ ವಿಲ್ಕಿನ್ಸ್ ಮತ್ತು ಸಂಶೋಧಕ ಕರ್ಟ್ ರಿಕ್ಟರ್ 1940ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು.

ರಿಕ್ಟರ್ ಇಂಥದ್ದನ್ನೇ ಇಲಿಗಳಲ್ಲಿ ಮೊದಲೇ ಕಂಡಿದ್ದರು. ಅಡ್ರಿನಲ್ ಗ್ರಂಥಿಗಳನ್ನು ತೆಗೆದುಹಾಕಿದರೆ ಇಲಿ ಹೆಚ್ಚು ದಿನ ಬದುಕುವುದಿಲ್ಲ. ಆದರೆ ಪಂಜರದಲ್ಲಿ ಸಾದಾ ನೀರಿನ ಪಕ್ಕದಲ್ಲೇ ಉಪ್ಪುನೀರನ್ನೂ ಇಟ್ಟರೆ, ಮಾಮೂಲಿ ಇಲಿಗಳು ಅಷ್ಟಾಗಿ ಮುಟ್ಟದ ಆ ಉಪ್ಪುನೀರನ್ನೇ ಇವು ಕುಡಿದು ಬದುಕಿಕೊಳ್ಳುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ.

ಅಡ್ರಿನಲ್ ಎಂದರೆ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ, ಒಂದೊಂದೂ ನಾಲ್ಕೈದು ಗ್ರಾಂ ತೂಗುವ ಗ್ರಂಥಿ. ಭಯವಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ಅಡ್ರಿನಲಿನ್ ಬರುವುದು ಅದರ ಒಳತಿರುಳಿನಿಂದ. ನಾವಿಲ್ಲಿ ನೋಡಬೇಕಾದದ್ದು ಹೊರಪದರವನ್ನು. ಅಲ್ಲಿ ಕೊಲೆಸ್ಟೆರಾಲನ್ನೇ ಕಚ್ಚಾವಸ್ತುವಾಗಿ ಬಳಸಿ ಸ್ಟಿರಾಯ್ಡ್ ಹಾರ್ಮೋನುಗಳು ತಯಾರಾಗುತ್ತವೆ. ಅವುಗಳಲ್ಲಿ ಕಾರ್ಟಿಸಾಲ್‌ನ ಹೆಸರನ್ನು ಬಹಳ ಜನ ಕೇಳಿದ್ದಾರೆ. ಆಲ್ಡೋಸ್ಟೆರಾನ್‌ನ ಹೆಸರನ್ನು ಕೇಳಿದವರು ಕಡಿಮೆ, ಉಪ್ಪಿನಲ್ಲಿರುವ ಸೋಡಿಯಮ್ಮಿನ ಯಜಮಾನಿಕೆ ಇರುವುದು ಮಾತ್ರ ಅದರ ಕೈಯಲ್ಲಿ. ದಿನಕ್ಕೆ ಕಾರ್ಟಿಸಾಲ್ ಹತ್ತಿಪ್ಪತ್ತು ಮಿಲಿಗ್ರಾಂ ತಯಾರಾದರೆ, ಆಲ್ಡೋಸ್ಟೆರಾನ್ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು. ಇಷ್ಟು ಕಡಿಮೆ ಇದ್ದುದರಿಂದಲೇ ಅದು ವಿಜ್ಞಾನಿಗಳ ಕೈಗೆ ಬಹಳ ಕಾಲ ಸಿಗಲಿಲ್ಲ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್, ಗ್ರಂಥಿಯ ರಸದಲ್ಲಿ ಗೊತ್ತಿದ್ದ ಸ್ಟಿರಾಯ್ಡ್‌ಗಳನ್ನೆಲ್ಲ ತೆಗೆದ ಮೇಲೂ ಉಳಿಯುವ ಭಾಗವೇ ಸೋಡಿಯಮ್ಮನ್ನು ಹಿಡಿದಿಡುವುದರಲ್ಲಿ ಎಲ್ಲಕ್ಕಿಂತ ಪ್ರಬಲ ಎಂಬುದನ್ನು ಬೆನ್ನುಹತ್ತಿದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಸಾಯನಶಾಸ್ತ್ರಜ್ಞ ರೈಕ್‌ಸ್ಟೈನ್ ಅವರ ತಂಡದ ಜೊತೆಗೂಡಿ 1953ರಲ್ಲಿ ಅದನ್ನು ಹರಳಾಗಿ ಬೇರ್ಪಡಿಸಿದರು. ನೂರಾರು ಕಿಲೋ ದನದ ಗ್ರಂಥಿಗಳನ್ನು ಸೋಸಿದ ಮೇಲೆ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ.

ಇಷ್ಟು ಕಡಿಮೆ ವಸ್ತು ಇಲ್ಲವಾದರೆ ಸಾವು ಏಕೆ? ಉತ್ತರ ಮೂತ್ರಪಿಂಡದ ಲೆಕ್ಕದಲ್ಲಿದೆ. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ಸಣ್ಣ ನಾಳಗಳಿಗೆ ಬಿಡುತ್ತವೆ. ಆ ದ್ರವದಲ್ಲಿರುವ ಸೋಡಿಯಮ್ಮನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹತ್ತಿರಹತ್ತಿರ ಒಂದೂವರೆ ಕಿಲೋ. ನಾವು ದಿನಕ್ಕೆ ತಿನ್ನುವುದು ಹತ್ತು ಗ್ರಾಂ ಇರಬಹುದು. ಅಂದರೆ ಸೋಸಿ ಹೊರಬಿಟ್ಟದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ನಾಳಗಳು ರಕ್ತಕ್ಕೆ ಮರಳಿಸಲೇಬೇಕು. ಮೂರರಲ್ಲಿ ಎರಡು ಪಾಲು ಮೊದಲ ತಿರುವುಗಳಲ್ಲೇ ಮರಳುತ್ತದೆ, ಕಾಲು ಪಾಲು ಹೇರ್‌ಪಿನ್ನಿನಂತೆ ಬಾಗಿದ ನಡುಭಾಗದಲ್ಲಿ, ಇನ್ನು ಸ್ವಲ್ಪ ಅದರಾಚೆ. ಕೊನೆಯ ನೂರಕ್ಕೆ ಎರಡು-ಮೂರು ಪಾಲು ಮಾತ್ರ ಆಲ್ಡೋಸ್ಟೆರಾನ್ ಹೇಳಿದಂತೆ ನಡೆಯುವುದು. ನೂರಕ್ಕೆ ಎರಡು ಎಂದರೆ ಕಡೆಗಣಿಸುವಂತೆ ಕಾಣುತ್ತದೆ. ಒಂದೂವರೆ ಕಿಲೋಗೆ ನೂರಕ್ಕೆ ಎರಡು ಎಂದರೆ 30 ಗ್ರಾಂ, ತಿನ್ನುವ ಉಪ್ಪಿನ ಮೂರು ಪಟ್ಟು. ಅದು ದಿನವೂ ಸೋರಿಹೋದರೆ ದೇಹದ ನೀರೂ ಜೊತೆಗೇ ಹೋಗುತ್ತದೆ, ರಕ್ತದ ಗಾತ್ರ ಕುಗ್ಗುತ್ತದೆ, ಒತ್ತಡ ಬೀಳುತ್ತದೆ. ಇತ್ತ ಹೊರಹೋಗಬೇಕಿದ್ದ ಪೊಟ್ಯಾಶಿಯಂ ಒಳಗೇ ಉಳಿದು ಏರುತ್ತದೆ. ಏರಿದ ಪೊಟ್ಯಾಶಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು.

ಹಾರ್ಮೋನಿನ ಆಜ್ಞೆ ಜೀವಕೋಶದಲ್ಲಿ ಹೇಗೆ ಜಾರಿಯಾಗುತ್ತದೆ ಎಂದು ತೋರಿಸಿಕೊಟ್ಟದ್ದು ಒಂದು ನೆಲಗಪ್ಪೆಯ ಮೂತ್ರಕೋಶ. ಒಣನೆಲದಲ್ಲಿ ಬದುಕುವ ಈ ಕಪ್ಪೆ ತನ್ನ ಮೂತ್ರದಿಂದಲೂ ಸೋಡಿಯಮ್ಮನ್ನು ವಾಪಸು ಹೀರಿಕೊಳ್ಳುತ್ತದೆ. ಅದರ ಮೂತ್ರಕೋಶದ ತೆಳುಪೊರೆಯನ್ನು ಎರಡು ಪುಟ್ಟ ತೊಟ್ಟಿಗಳ ನಡುವೆ ಬಿಗಿದು, ಪೊರೆ ದಾಟುವ ಸೋಡಿಯಮ್ಮನ್ನು ವಿದ್ಯುತ್ ಪ್ರವಾಹವಾಗಿ ಅಳೆಯಬಹುದು. ಈ ಅಳತೆಯ ಉಪಾಯ ಕೋಪನ್‌ಹೇಗನ್ನಿನ ಹಾನ್ಸ್ ಉಸಿಂಗ್ ಅವರದು, ಅವರು ಅದನ್ನು ಕಪ್ಪೆಯ ಚರ್ಮದಲ್ಲಿ ಸಾಧಿಸಿದ್ದರು. 1960ರ ದಶಕದ ಮೊದಲಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಸಿಡೋರ್ ಎಡೆಲ್‌ಮನ್ ಮತ್ತು ಸಂಗಡಿಗರು ತೊಟ್ಟಿಗೆ ಆಲ್ಡೋಸ್ಟೆರಾನ್ ಬೆರೆಸಿ ಮಾಪಕದ ಮುಳ್ಳನ್ನು ನೋಡುತ್ತ ಕೂತರು. ಮುಳ್ಳು ಅಲ್ಲಾಡಲಿಲ್ಲ. ಒಂದು ಗಂಟೆಯ ಹೊತ್ತು ಏನೂ ಆಗದೆ, ಆಮೇಲೆ ಪ್ರವಾಹ ನಿಧಾನವಾಗಿ ಏರತೊಡಗಿ ಗಂಟೆಗಟ್ಟಲೆ ಏರುತ್ತಲೇ ಹೋಯಿತು. ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಆ ಒಂದು ಗಂಟೆಯ ಸುಮ್ಮನಿರುವಿಕೆಯಲ್ಲಿದೆ. ಹಾರ್ಮೋನು ತಾನೇ ಹೋಗಿ ಸೋಡಿಯಮ್ಮನ್ನು ತಳ್ಳುವುದಾಗಿದ್ದರೆ ಅಷ್ಟು ಹೊತ್ತು ಬೇಕಿರಲಿಲ್ಲ. ವಿಕಿರಣದ ಗುರುತು ಹಾಕಿದ ಹಾರ್ಮೋನನ್ನು ಹುಡುಕಿದರೆ ಅದು ಜೀವಕೋಶದ ಕೇಂದ್ರದಲ್ಲಿ, ಜೀನುಗಳ ಬಳಿ ಸಿಕ್ಕಿತು. ಜೀನಿನ ನಕಲು ತೆಗೆಯುವ ಕೆಲಸವನ್ನು ತಡೆಯುವ ಔಷಧಿ ಕೊಟ್ಟರೆ ಪ್ರವಾಹ ಏರಲೇ ಇಲ್ಲ. ಆಲ್ಡೋಸ್ಟೆರಾನ್ ಮಾಡುವುದು ಹೊಸ ಪ್ರೋಟೀನು ಬರೆಸುವ ಕೆಲಸ, ಬರೆಸಿ ತಯಾರು ಮಾಡಿಸುವುದಕ್ಕೆ ಆ ಗಂಟೆ ಬೇಕು.

ಬರೆಸುವುದೇನನ್ನು? ಕಿಡ್ನಿಯ ಕೊನೆಯ ನಾಳಗಳ ಜೀವಕೋಶಗಳಲ್ಲಿ, ಮೂತ್ರ ಹರಿಯುವ ಬದಿಗೆ ಸೋಡಿಯಂ ಮಾತ್ರ ನುಸುಳಬಲ್ಲ ಸೂಕ್ಷ್ಮ ರಂಧ್ರಗಳಿವೆ, ಕೆರೆಯ ತೂಬುಗಳಿದ್ದ ಹಾಗೆ. ಇವುಗಳ ಜೀನುಗಳನ್ನು 1993-94ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೆಸಿಲಿಯಾ ಕನೆಸ್ಸಾ, ಬರ್ನಾರ್ಡ್ ರೊಸಿಯೇ ಮೊದಲಾದವರು ಗುರುತಿಸಿದರು. ಜೀವಕೋಶ ಈ ರಂಧ್ರಗಳನ್ನು ಸದಾ ಹೊರಪೊರೆಗೆ ತರುತ್ತಿರುತ್ತದೆ, ಸದಾ ಒಳಗೆಳೆದು ನಾಶಮಾಡುತ್ತಿರುತ್ತದೆ. ನಾಶಕ್ಕೆ ಗುರುತು ಹಚ್ಚುವ ಪ್ರೋಟೀನೊಂದಿದೆ. ಆಲ್ಡೋಸ್ಟೆರಾನ್ ಮೊದಲು ಬರೆಸುವುದರಲ್ಲಿ ಎಸ್‌ಜಿಕೆ-1 ಎಂಬ ಕಿಣ್ವವೂ ಒಂದು, ಅದು ಆ ಗುರುತುಗಾರನ ಕೈ ಕಟ್ಟಿಹಾಕುತ್ತದೆ. ರಂಧ್ರಗಳು ಪೊರೆಯಲ್ಲೇ ಹೆಚ್ಚು ಹೊತ್ತು ಉಳಿಯುತ್ತವೆ, ಸೋಡಿಯಂ ಒಳಬರುತ್ತದೆ. ಜೀವಕೋಶದ ಇನ್ನೊಂದು ಬದಿಯಲ್ಲಿ, ರಕ್ತದ ಕಡೆಗೆ, ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಕಂಡುಹಿಡಿದು 1997ರಲ್ಲಿ ನೊಬೆಲ್ ಪಡೆದ ಪಂಪು ಕೆಲಸ ಮಾಡುತ್ತಿರುತ್ತದೆ. ಅದು ಮೂರು ಸೋಡಿಯಂ ಅಯಾನುಗಳನ್ನು ರಕ್ತದ ಕಡೆಗೆ ತಳ್ಳಿ, ಎರಡು ಪೊಟ್ಯಾಶಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಆಲ್ಡೋಸ್ಟೆರಾನ್ ನಿಧಾನಕ್ಕೆ ಈ ಪಂಪುಗಳ ಸಂಖ್ಯೆಯನ್ನೂ ಹೆಚ್ಚಿಸುತ್ತದೆ. ಒಳಬಂದ ಪೊಟ್ಯಾಶಿಯಂ ಬೇರೆ ದಾರಿಯಿಂದ ಮೂತ್ರಕ್ಕೆ ಇಳಿಯುತ್ತದೆ. ಸೋಡಿಯಂ ಉಳಿಕೆ, ಪೊಟ್ಯಾಶಿಯಂ ಖರ್ಚು, ಎರಡೂ ಒಂದೇ ಆಜ್ಞೆಯ ಫಲ. ಬೆವರಿನ ಗ್ರಂಥಿ, ಜೊಲ್ಲಿನ ಗ್ರಂಥಿ, ದೊಡ್ಡ ಕರುಳುಗಳಲ್ಲೂ ಇದೇ ಏರ್ಪಾಡು.

ತೂಬಿನದೇ ದೋಷವಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಸಾಕ್ಷಿಯಿದೆ. 1963ರಲ್ಲಿ ಗ್ರಾಂಟ್ ಲಿಡ್ಲ್ ಎಂಬ ವೈದ್ಯರು ಒಂದೇ ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿಗೇ ಬಿಪಿ ಇದ್ದುದನ್ನು ವರ್ಣಿಸಿದರು. ಆಲ್ಡೋಸ್ಟೆರಾನ್ ಹೆಚ್ಚಾದಾಗಿನ ಲಕ್ಷಣಗಳೆಲ್ಲ ಇದ್ದವು, ಹಾರ್ಮೋನು ಮಾತ್ರ ತೀರಾ ಕಡಿಮೆ. ಮುಂದೆ ಅವರಲ್ಲೊಬ್ಬರಿಗೆ ಕಿಡ್ನಿ ಕಸಿ ಮಾಡಿದಾಗ ರೋಗವೇ ಹೋಯಿತು. ರಂಧ್ರದ ಪ್ರೋಟೀನಿನ ಬಾಲ ತುಂಡಾಗಿ, ನಾಶದ ಗುರುತು ಹಚ್ಚಲು ಜಾಗವೇ ಇರಲಿಲ್ಲವೆಂದು ತೊಂಬತ್ತರ ದಶಕದಲ್ಲಿ ಗೊತ್ತಾಯಿತು.

ಇಲ್ಲಿ ಒಂದು ತೊಡಕಿದೆ. ಆಲ್ಡೋಸ್ಟೆರಾನ್ ಹೋಗಿ ಕೂರುವ ಗ್ರಾಹಕ ಪ್ರೋಟೀನಿಗೆ ಕಾರ್ಟಿಸಾಲೂ ಅಷ್ಟೇ ಚೆನ್ನಾಗಿ ಅಂಟುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ನೂರರಿಂದ ಸಾವಿರ ಪಟ್ಟು ಹೆಚ್ಚು. ಹಾಗಿದ್ದರೆ ಪೀಠವನ್ನೆಲ್ಲ ಕಾರ್ಟಿಸಾಲೇ ಆಕ್ರಮಿಸಬೇಕಿತ್ತಲ್ಲ? 1988ರಲ್ಲಿ ಎರಡು ತಂಡಗಳು ಉತ್ತರ ಕೊಟ್ಟವು. ಈ ಜೀವಕೋಶಗಳಲ್ಲಿ ಕಾರ್ಟಿಸಾಲನ್ನು ಒಳಬರುತ್ತಿದ್ದಂತೆ ಕಾರ್ಟಿಸೋನಾಗಿ ಬದಲಿಸಿ ನಿಷ್ಕ್ರಿಯಗೊಳಿಸುವ ಕಿಣ್ವವೊಂದು ಕಾವಲಿಗಿದೆ. ಆಲ್ಡೋಸ್ಟೆರಾನನ್ನು ಅದು ಮುಟ್ಟುವುದಿಲ್ಲ.

ಈ ಕಾವಲನ್ನು ನಿದ್ದೆಗೆ ಕೆಡವುವ ವಸ್ತು ನಮ್ಮ ಮನೆಗಳಲ್ಲೇ ಇದೆ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು: ಅತಿಮಧುರ, ಅಂದರೆ ಜ್ಯೇಷ್ಠಮಧು. ಎರಡನೇ ಮಹಾಯುದ್ಧದ ಕಾಲದಲ್ಲಿ ನೆದರ್‌ಲೆಂಡ್ಸಿನ ರೆವರ್ಸ್ ಎಂಬ ವೈದ್ಯರು ಹೊಟ್ಟೆಹುಣ್ಣಿನ ರೋಗಿಗಳಿಗೆ ಅತಿಮಧುರದ ಸಾರ ಕೊಟ್ಟು ಗುಣ ಕಂಡರು, ಜೊತೆಗೆ ಕೆಲವರ ಮೈಕೈ ಊದಿಕೊಂಡದ್ದನ್ನೂ ಕಂಡರು. ಆ ಬೇರಿನಲ್ಲಿರುವ ಸಿಹಿ ಪದಾರ್ಥ ದೇಹದಲ್ಲಿ ಮಾರ್ಪಟ್ಟು ಕಾವಲಿನ ಕಿಣ್ವವನ್ನು ತಡೆಯುತ್ತದೆ, ಕಾರ್ಟಿಸಾಲ್ ನುಗ್ಗಿ ಆಲ್ಡೋಸ್ಟೆರಾನಿನ ಕೆಲಸ ಮಾಡುತ್ತದೆ, ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ. ಕೆಮ್ಮು ಬಂದಾಗ ಒಂದೆರಡು ದಿನ ಬೇರಿನ ಚೂರು ಬಾಯಲ್ಲಿಟ್ಟುಕೊಂಡರೆ ಭಯಪಡಬೇಕಿಲ್ಲ. ಬಿಪಿ ಇದ್ದವರು, ಗರ್ಭಿಣಿಯರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ವಾರಗಟ್ಟಲೆ ದಿನವೂ ಅತಿಮಧುರದ ಕಷಾಯ, ಚೂರ್ಣ ತೆಗೆದುಕೊಳ್ಳುವುದು ಬೇರೆ ಮಾತು. ‘ಗಿಡಮೂಲಿಕೆ ತಾನೇ’ ಎಂದು ವೈದ್ಯರಿಗೆ ಹೇಳದೆ ಬಿಡಬೇಡಿ.

ಆಲ್ಡೋಸ್ಟೆರಾನಿಗೆ ಕೆಲಸಕ್ಕೆ ಹೋಗೆಂದು ಹೇಳುವವರು ಯಾರು? ಮುಖ್ಯವಾಗಿ ಮೂತ್ರಪಿಂಡವೇ. ರಕ್ತದ ಒತ್ತಡ ಕುಸಿದಾಗ, ಉಪ್ಪು ಕಡಿಮೆಯಾದಾಗ ಅದು ರೆನಿನ್ ಎಂಬ ಕಿಣ್ವವನ್ನು ಬಿಡುತ್ತದೆ. ಎರಡು ಹಂತಗಳಲ್ಲಿ ಆಂಜಿಯೊಟೆನ್ಸಿನ್-2 ತಯಾರಾಗುವ ಸರಪಳಿಯನ್ನು ಆ ರೆನಿನ್ ಶುರುಮಾಡುತ್ತದೆ, ಆ ಆಂಜಿಯೊಟೆನ್ಸಿನ್-2 ಅಡ್ರಿನಲ್ ಹೊರಪದರವನ್ನು ಎಬ್ಬಿಸುತ್ತದೆ. ಪೊಟ್ಯಾಶಿಯಂ ಏರಿದರೂ ಗ್ರಂಥಿ ತಾನಾಗಿಯೇ ಏಳುತ್ತದೆ. ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಮುಂತಾಗಿ ನಮ್ಮಲ್ಲಿ ಲಕ್ಷಾಂತರ ಜನ ದಿನವೂ ನುಂಗುವ ಬಿಪಿ ಮಾತ್ರೆಗಳು ಈ ಸರಪಳಿಯ ಒಂದೊಂದು ಕೊಂಡಿಯನ್ನು ಕಡಿಯುತ್ತವೆ. ಇಂಥ ಮಾತ್ರೆ ತಿನ್ನುವವರು ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿಗೆ ತಾವಾಗಿಯೇ ಬದಲಾಗಬಾರದು. ಅದರಲ್ಲಿ ಸೋಡಿಯಮ್ಮಿನ ಒಂದು ಪಾಲಿನ ಬದಲು ಪೊಟ್ಯಾಶಿಯಂ ಇರುತ್ತದೆ, ಆ ಪೊಟ್ಯಾಶಿಯಮ್ಮನ್ನು ಹೊರಹಾಕಬೇಕಾದ ಹಾರ್ಮೋನನ್ನು ಮಾತ್ರೆ ತಗ್ಗಿಸಿರುತ್ತದೆ. ಕಿಡ್ನಿ ದುರ್ಬಲವಾಗಿದ್ದರಂತೂ ಕೇಳದೆ ಮುಟ್ಟಲೇಬಾರದು.

ಈ ಸರಪಳಿ ಹುಟ್ಟಿದ್ದು ಉಪ್ಪಿನ ಬರಗಾಲಕ್ಕಾಗಿ. ಸಸ್ಯಗಳಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಅಲ್ಪ. ದನಕ್ಕೆ ಉಪ್ಪು ತಿನ್ನಿಸುವ ಮಲೆನಾಡಿನ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆಸ್ಟ್ರೇಲಿಯಾದ ಡೆರೆಕ್ ಡೆಂಟನ್ ಮತ್ತು ಸಂಗಡಿಗರು ಸಮುದ್ರದಿಂದ ದೂರದ ಸ್ನೋಯಿ ಪರ್ವತಗಳಲ್ಲಿ, ಮಳೆಹಿಮಕ್ಕೆ ಸೋಡಿಯಂ ತೊಳೆದುಹೋದ ನೆಲದಲ್ಲಿ, ಕಾಡುಮೊಲಗಳನ್ನು ಹಿಡಿದು ನೋಡಿದರು. ಆಲ್ಡೋಸ್ಟೆರಾನ್ ತಯಾರಿಸುವ ಪದರ ಅವುಗಳಲ್ಲಿ ದಪ್ಪವಾಗಿ ಬೆಳೆದಿತ್ತು, ಮೂತ್ರದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪಿನಲ್ಲಿ ನೆನೆಸಿದ ಮರದ ಗೂಟಗಳನ್ನು ನೆಲದಲ್ಲಿ ನೆಟ್ಟರೆ ಮೊಲಗಳು ಬಂದು ಗೂಟವನ್ನೇ ಕಡಿದು ತಿಂದವು. ಮನುಷ್ಯರಲ್ಲಿ ಇಂಥದ್ದೇ ಚಿತ್ರ ಸಿಕ್ಕಿದ್ದು ಅಮೆಜಾನ್ ಕಾಡಿನ ಯನೊಮಾಮಿ ಜನರಲ್ಲಿ. ಅಡುಗೆಗೆ ಉಪ್ಪು ಹಾಕದ ಅವರ ಮೂತ್ರದಲ್ಲಿ ಸೋಡಿಯಂ ಅತ್ಯಲ್ಪ, ಆಲ್ಡೋಸ್ಟೆರಾನ್ ಬಹಳ ಹೆಚ್ಚು. ಸರಾಸರಿ ರಕ್ತದೊತ್ತಡ 95/61ರಷ್ಟು, ವಯಸ್ಸಾದಂತೆ ಏರುವುದೂ ಇಲ್ಲ. ಹಾರ್ಮೋನು ಅಷ್ಟಿದ್ದೂ ಕೆಡುಕಾಗುವುದಿಲ್ಲ, ಯಾಕೆಂದರೆ ಹಿಡಿದಿಡಲು ಉಪ್ಪೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಎಲ್ಲ ಸೇರಿ ನಾವು ಅದನ್ನು ಮೀರಿಯೇ ಇದ್ದೇವೆ. ಇಷ್ಟು ಉಪ್ಪಿದ್ದಾಗ ಆಲ್ಡೋಸ್ಟೆರಾನ್ ಸುಮ್ಮನಾಗಬೇಕು. ಕೆಲವರಲ್ಲಿ ಆಗುವುದಿಲ್ಲ.

ಇದನ್ನು ಮೊದಲು ಕಂಡವರು ಅಮೆರಿಕದ ಮಿಷಿಗನ್ನಿನ ಜೆರೋಮ್ ಕಾನ್. ಯುದ್ಧದ ಕಾಲದಲ್ಲಿ ಅವರು ಸೈನಿಕರ ಬೆವರನ್ನು ಅಳೆಯುತ್ತಿದ್ದರು. ಸೆಕೆಯ ನಾಡಿಗೆ ಹೋದವನ ಬೆವರು ಕೆಲವು ದಿನಗಳಲ್ಲಿ ಉಪ್ಪು ಕಳೆದುಕೊಂಡು ಸಪ್ಪೆಯಾಗುತ್ತದೆ, ಇದು ಅಡ್ರಿನಲ್ ಗ್ರಂಥಿಯ ಕೆಲಸವಿರಬೇಕು ಎಂದು ಆಗಲೇ ಅಂದಾಜಿಸಿದ್ದರು. ರಾಯಚೂರಿನ ಬೇಸಿಗೆಗೆ ಹೊಸದಾಗಿ ಬಂದವರ ದೇಹವೂ ಮಾಡುವುದು ಇದನ್ನೇ. 1954ರಲ್ಲಿ 34 ವರ್ಷದ ಮಹಿಳೆಯೊಬ್ಬರು ಅವರ ಬಳಿ ಬಂದರು. ವರ್ಷಗಳಿಂದ ಆಗಾಗ ಕಾಲು ಸೋತು ಬೀಳುವುದು, ಕೈಯ ಸ್ನಾಯು ಸೆಟೆಯುವುದು, ಬಿಪಿ, ರಕ್ತದಲ್ಲಿ ಪೊಟ್ಯಾಶಿಯಂ ತೀರಾ ಕಡಿಮೆ. ಕಾನ್ ಆಕೆಯ ಬೆವರನ್ನೂ ಜೊಲ್ಲನ್ನೂ ಅಳೆದರು. ಎರಡರಲ್ಲೂ ಸೋಡಿಯಂ ಕಡಿಮೆ. ಸೆಕೆಯಿಲ್ಲದೆ, ಉಪ್ಪಿನ ಕೊರತೆಯಿಲ್ಲದೆ ಗ್ರಂಥಿ ದುಡಿಯುತ್ತಿತ್ತು. ಆ ಡಿಸೆಂಬರಿನಲ್ಲಿ ಎರಡೂ ಗ್ರಂಥಿ ತೆಗೆಯಲೆಂದು ಹೊಟ್ಟೆ ಕೊಯ್ದ ಶಸ್ತ್ರವೈದ್ಯರಿಗೆ ಬಲಗಡೆಯಲ್ಲಿ ಗಡ್ಡೆಯೊಂದು ಸಿಕ್ಕಿತು. ಅದನ್ನು ತೆಗೆದರು, ಆಕೆ ಗುಣವಾದರು.

ಇಂಥ ರೋಗ ಅಪರೂಪವೆಂದು ಬಹುಕಾಲ ಕಲಿಸಲಾಯಿತು. ಅದು ತಪ್ಪೆಂದು ಈಗ ಗೊತ್ತಾಗಿದೆ. ಬಿಪಿ ಇರುವವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಲ್ಲಿ ಕಾರಣ ಇದೇ, ಮೂರು ಮಾತ್ರೆಗೂ ಬಗ್ಗದ ಬಿಪಿಯಲ್ಲಿ ಇನ್ನೂ ಹೆಚ್ಚು. ಹಲವರಲ್ಲಿ ಪೊಟ್ಯಾಶಿಯಂ ಮಾಮೂಲಾಗಿಯೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ಪರೀಕ್ಷೆ ಎಂದರೆ ರಕ್ತದಲ್ಲಿ ಆಲ್ಡೋಸ್ಟೆರಾನ್ ಮತ್ತು ರೆನಿನ್ ಎರಡನ್ನೂ ಅಳೆದು ಹೋಲಿಸುವುದು. ರೆನಿನ್ ಮಲಗಿದ್ದೂ ಆಲ್ಡೋಸ್ಟೆರಾನ್ ಎದ್ದಿದ್ದರೆ ಗ್ರಂಥಿ ಹೇಳಿದ್ದನ್ನು ಕೇಳುತ್ತಿಲ್ಲವೆಂದು ಅರ್ಥ. ಅಮೆರಿಕದ ಎಂಡೊಕ್ರೈನ್ ಸೊಸೈಟಿ 2025ರ ಮಾರ್ಗಸೂಚಿಯಲ್ಲಿ ಬಿಪಿ ಇರುವ ಎಲ್ಲರಿಗೂ ಈ ಪರೀಕ್ಷೆ ಆಗಲೆಂದು ಸಲಹೆ ಮಾಡಿದೆ. ನಮ್ಮಲ್ಲಿ ಎಲ್ಲರಿಗೂ ಮಾಡುವುದು ಇಂದೇ ಆಗದ ಮಾತಿರಬಹುದು. ಆದರೆ ಮೂವತ್ತರ ಹರೆಯದಲ್ಲೇ ಬಿಪಿ ಬಂದವರಿಗೆ, ಮೂರು ಮಾತ್ರೆ ತಿಂದೂ 160ರಲ್ಲೇ ನಿಂತವರಿಗೆ, ಪೊಟ್ಯಾಶಿಯಂ ಇಳಿದವರಿಗೆ ಕೂಡ ಇದನ್ನು ಬರೆದುಕೊಡದೆ ನಾಲ್ಕನೇ ಮಾತ್ರೆ ಸೇರಿಸುತ್ತ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಒಂದೇ ಗ್ರಂಥಿಯ ಗಡ್ಡೆಯಾದರೆ ಶಸ್ತ್ರಚಿಕಿತ್ಸೆಯಿದೆ. ಎರಡೂ ಕಡೆಯದಾದರೆ ಗ್ರಾಹಕದ ಪೀಠವನ್ನೇ ಮುಚ್ಚುವ ಸ್ಪೈರನೋಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆಯಿದೆ. ಇದೇ ಮಾತ್ರೆ ತೀವ್ರ ಹೃದಯ ವೈಫಲ್ಯದ ರೋಗಿಗಳ ಸಾವನ್ನು ಸುಮಾರು ನೂರಕ್ಕೆ ಮೂವತ್ತರಷ್ಟು ತಗ್ಗಿಸಿತೆಂದು 1999ರ ದೊಡ್ಡ ಅಧ್ಯಯನವೊಂದು ತೋರಿಸಿತು.

ಹಾರ್ಮೋನಿನ ಕೊರತೆಯ ಕಡೆ ನಮ್ಮ ದೇಶದ ಪಾಲು ಇನ್ನೂ ಕಠಿಣ. ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲಿ ಅಡ್ರಿನಲ್ ಕೆಟ್ಟು ಬರುವ ಈ ಕೊರತೆಯ ರೋಗವನ್ನು ವರ್ಣಿಸಿದಾಗ ಅವರ ರೋಗಿಗಳಲ್ಲಿ ಹಲವರ ಗ್ರಂಥಿಯನ್ನು ತಿಂದದ್ದು ಕ್ಷಯ. ಇಂದು ಪಶ್ಚಿಮದಲ್ಲಿ ದೇಹದ ಸ್ವರಕ್ಷಣೆಯೇ ತಿರುಗಿಬಿದ್ದು ಗ್ರಂಥಿಯನ್ನು ಹಾಳುಮಾಡುವುದು ಮುಖ್ಯ ಕಾರಣ, ಭಾರತದಲ್ಲಿ ಕ್ಷಯ ಇನ್ನೂ ದೊಡ್ಡ ಕಾರಣವಾಗಿಯೇ ಉಳಿದಿದೆ. ತೂಕ ಇಳಿಯುವುದು, ಏಳುವಾಗ ತಲೆ ತಿರುಗುವುದು, ವಾಂತಿ, ತೀರದ ಸುಸ್ತು, ಉಪ್ಪಿನಕಾಯಿಯ ರಸವನ್ನೇ ಬೇಡುವ ನಾಲಗೆ, ಇವುಗಳ ಜೊತೆ ಮೈ ಕಪ್ಪಾಗುವುದು ಇದರ ಲಕ್ಷಣ. ಕಂದುಮೈಯ ನಮ್ಮಲ್ಲಿ ಈ ಕಪ್ಪು ಬಿಸಿಲಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ನೋಡಬೇಕಾದದ್ದು ಬಿಸಿಲು ತಾಗದ ಜಾಗ: ಅಂಗೈ ಗೆರೆಗಳು, ವಸಡು, ಹಳೆಯ ಗಾಯದ ಕಲೆ. ಕೀಲುನೋವಿಗೋ ಆಸ್ತಮಾಕ್ಕೋ ತಿಂಗಳುಗಟ್ಟಲೆ ಸ್ಟಿರಾಯ್ಡ್ ಮಾತ್ರೆ ತಿಂದು ಏಕಾಏಕಿ ನಿಲ್ಲಿಸಿದವರಿಗೂ ಗ್ರಂಥಿ ಕೈಕೊಡುತ್ತದೆ. ಅಲ್ಲಿ ಒಣಗುವುದು ಕಾರ್ಟಿಸಾಲ್. ಆಲ್ಡೋಸ್ಟೆರಾನಿಗೆ ಆಜ್ಞೆ ಕಿಡ್ನಿಯಿಂದ ಬರುವುದರಿಂದ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಆದರೂ ಅದು ಪ್ರಾಣಾಪಾಯವೇ.

ಎಲ್ಲಕ್ಕಿಂತ ಹೆಚ್ಚು ಸಂಕಟ ತರುವುದು ಹುಟ್ಟಿನಿಂದಲೇ ಬರುವ ಕೊರತೆ. ಸ್ಟಿರಾಯ್ಡ್ ತಯಾರಿಯ ನಡುಹಂತದ ಒಂದು ಕಿಣ್ವ ಇಲ್ಲದೆ ಕೆಲವು ಶಿಶುಗಳಲ್ಲಿ ಕಾರ್ಟಿಸಾಲೂ ಆಲ್ಡೋಸ್ಟೆರಾನೂ ತಯಾರಾಗದೆ, ಕಚ್ಚಾವಸ್ತುವೆಲ್ಲ ಗಂಡುಹಾರ್ಮೋನಾಗಿ ಹರಿಯುತ್ತದೆ. ಹೆಣ್ಣುಮಗುವಿನಲ್ಲಿ ಜನನಾಂಗದ ವ್ಯತ್ಯಾಸ ನೋಡಿ ಹೆರಿಗೆಕೋಣೆಯಲ್ಲೇ ಅನುಮಾನ ಬರಬಹುದು. ಗಂಡುಮಗು ನೋಡಲು ಸರಿಯಾಗಿಯೇ ಇರುತ್ತದೆ. ಎರಡನೇ ವಾರದ ಹೊತ್ತಿಗೆ ಹಾಲು ಕಕ್ಕುವುದು, ತೂಕ ಏರದಿರುವುದು, ಸೊರಗುವುದು ಶುರುವಾಗುತ್ತದೆ. ಹೊಟ್ಟೆ ಸರಿಯಿಲ್ಲವೆಂದೋ, ಸೋಂಕೆಂದೋ, ದೃಷ್ಟಿಯೆಂದೋ ದಿನ ಕಳೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಮಹಾನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಐದಾರು ಸಾವಿರಕ್ಕೆ ಒಂದು ಮಗುವಿನಲ್ಲಿ ಈ ರೋಗ ಕಂಡಿತು. ಹುಟ್ಟಿದ ಎರಡು-ಮೂರು ದಿನದಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ ಕಾಗದಕ್ಕೆ ಒತ್ತಿದ ಒಂದೆರಡು ಹನಿ ರಕ್ತದಲ್ಲಿ ಇದು ಗೊತ್ತಾಗುತ್ತದೆ. ಅನೇಕ ದೇಶಗಳಲ್ಲಿ ಇದನ್ನು ಪ್ರತಿ ಮಗುವಿಗೂ ಮಾಡುತ್ತಾರೆ. ನಮ್ಮಲ್ಲಿ ಇನ್ನೂ ಎಲ್ಲೆಡೆ ಇಲ್ಲ, ಎಲ್ಲ ಸರಕಾರಿ ಹೆರಿಗೆ ಆಸ್ಪತ್ರೆಗಳಿಗೂ ಬರಬೇಕು. ಅಲ್ಲಿಯವರೆಗೆ, ಹತ್ತು-ಹದಿನೈದು ದಿನದ ಕೂಸು ವಾಂತಿ ಮಾಡಿಕೊಂಡು ಸೊರಗಿ ಬಂದರೆ ಸೋಡಿಯಂ, ಪೊಟ್ಯಾಶಿಯಂ ಎರಡನ್ನೂ ಅದೇ ದಿನ ನೋಡಬೇಕು. ಸೋಡಿಯಂ ಇಳಿದು ಪೊಟ್ಯಾಶಿಯಂ ಏರಿದ್ದರೆ ಕಾಯುವಂತಿಲ್ಲ. ಚಿಕಿತ್ಸೆ ಕ್ಲಿಷ್ಟವಲ್ಲ: ತಕ್ಷಣಕ್ಕೆ ಲವಣದ ಡ್ರಿಪ್ ಮತ್ತು ಹೈಡ್ರೋಕಾರ್ಟಿಸೋನ್, ಆಮೇಲೆ ದಿನವೂ ಹೈಡ್ರೋಕಾರ್ಟಿಸೋನ್ ಜೊತೆಗೆ ಆಲ್ಡೋಸ್ಟೆರಾನಿನ ಬದಲಿಯಾದ ಫ್ಲೂಡ್ರೋಕಾರ್ಟಿಸೋನ್ ಮಾತ್ರೆ, ಮೊದಲ ತಿಂಗಳುಗಳಲ್ಲಿ ಹಾಲಿಗೆ ವೈದ್ಯರು ತೂಗಿ ಹೇಳಿದಷ್ಟು ಉಪ್ಪು.